ಗಡಿಯಾರದ ಹಾಡಿನಲ್ಲಿ ಅತ್ತೆಯ ಪಾಲು

ನಮ್ಮತ್ತೆ ಹೊಟ್ಟೆಪಾಡಿಗೆ ಪಿಸುಗುಡುತ್ತಿದ್ದಳು. ಹೀಗೆಂದರೆ ಜನ ಚಾಡಿ ಹೇಳುವ ಕಸುಬೇನೋ ಎಂದುಕೊಂಡು ಕಿವಿ ನಿಮಿರಿಸುತ್ತಾರೆ. ಅದಲ್ಲ. ಅವಳು ರಂಗಮಂದಿರದಲ್ಲಿ ಪ್ರಾಂಪ್ಟರ್ ಆಗಿದ್ದಳು. ವೇದಿಕೆಯ ಮುಂಭಾಗದ ನೆಲದಲ್ಲಿ ಒಬ್ಬರು ಮಾತ್ರ ಹಿಡಿಸುವ ಒಂದು ಮರದ ಗೂಡು. ಒಳಗೆ ಸ್ಟೂಲು, ಪುಸ್ತಕ ಇಡಲು ಇಳಿಜಾರು ಹಲಗೆ, ಸಣ್ಣ ದೀಪ. ಹಾಡುವವರು ಮಾತು ಮರೆತರೆ ಸಾಲಿನ ಮೊದಲ ಪದವನ್ನು ಕೆಳಗಿನಿಂದ ಎತ್ತಿಕೊಡಬೇಕು. ಅದು ಮರೆತವರಿಗೆ ಕೇಳಬೇಕು, ಪ್ರೇಕ್ಷಕರಿಗೆ ಕೇಳಬಾರದು. ಅಲ್ಲಿ ಕೂತವಳಿಗೆ ಕಾಣುತ್ತಿದ್ದುದು ಬೂಟುಗಳು ಮತ್ತು ಉಡುಪಿನ ಅಂಚುಗಳು, ಅಷ್ಟೇ. ಊರೆಲ್ಲ ಹೊಗಳುವ ಗಾಯಕರನ್ನು ನಮ್ಮತ್ತೆ ಹಿಮ್ಮಡಿಯ ಸವೆತದಿಂದ ಗುರುತು ಹಿಡಿಯುತ್ತಿದ್ದಳು.

ಕೆಲಸ ಕಲಿಸಿದವರು ಹಳೆಯ ಪ್ರಾಂಪ್ಟರ್. ಎಲ್ಲರೂ ಅವರನ್ನು ಪೆನ್ಸಿಲ್ ಮೇಷ್ಟ್ರು ಎನ್ನುತ್ತಿದ್ದರು. ತಾಲೀಮಿನ ಹೊತ್ತಿನಲ್ಲಿ ಅತ್ತೆ ಗೂಡಿನಲ್ಲಿ, ಮೇಷ್ಟ್ರು ಅವಳ ಬೆನ್ನ ಹಿಂದಿನ ಮೆಟ್ಟಿಲ ಮೇಲೆ. ಅವಳು ಪದ ಎತ್ತಿಕೊಟ್ಟಾಗ ಅವರು ಪೆನ್ಸಿಲಿನಿಂದ ಹಲಗೆಗೆ ತಟ್ಟುತ್ತಿದ್ದರು. ತಪ್ಪಿದರೆ ಒಂದು ಸಲ, ಸರಿಯಾದರೆ ಎರಡು ಸಲ. ಬಾಯಿ ಬಿಟ್ಟು ಹೊಗಳಿದ್ದೂ ಇಲ್ಲ, ಬೈದದ್ದೂ ಇಲ್ಲ. ಒಂದೇ ಒಂದು ಮಾತನ್ನು ಮಾತ್ರ ತಲೆಗೆ ತುಂಬಿದ್ದರು: "ಕಣ್ಣು ಪುಸ್ತಕದ ಮೇಲೆ, ಬೆರಳು ಸಾಲಿನ ಮೇಲೆ. ನಗಬೇಡ. ನಗೋಕೆ ಅಂತ ಅಲ್ಲಿ ಟಿಕೆಟ್ ತಗೊಂಡು ಕೂತಿದಾರೆ. ನೀನೂ ನಕ್ಕುಬಿಟ್ರೆ ನೀನೂ ಪ್ರೇಕ್ಷಕಿ. ಆಮೇಲೆ ಗೂಡಲ್ಲಿ ಯಾರಿದಾರೆ?"

ಮೇಷ್ಟ್ರು ಒಂದು ಚಳಿಗಾಲದಲ್ಲಿ ತೀರಿಕೊಂಡರು. ಸ್ಟೂಲು ಅತ್ತೆಯದಾಯಿತು. ಚಳಿ ಕಳೆಯುವ ಮೊದಲೇ ಟಿವಿಯವರು ಕ್ಯಾಮೆರಾ ಹೊತ್ತು ತಂದು, ಅಲ್ಲಿ ನಡೆಯುತ್ತಿದ್ದ ಹಾಸ್ಯ ಗೀತನಾಟಕವನ್ನು ನೇರ ಪ್ರಸಾರ ಮಾಡಿದರು.

ಆ ನಾಟಕದ ಉಳಿದ ಭಾಗ ಈಗ ಯಾರಿಗೂ ನೆನಪಿಲ್ಲ. ಇರಬೇಕಾದ್ದೂ ಇಲ್ಲ, ಕಥೆ ಅಷ್ಟಕ್ಕಷ್ಟೇ. ಉಳಿದದ್ದು ಗಡಿಯಾರದ ಯುಗಳಗೀತೆ. ಒಬ್ಬಳು ವಿಧವೆ. ಅವಳ ಗೋಡೆ ಗಡಿಯಾರ ಪದೇ ಪದೇ ನಿಲ್ಲುತ್ತದೆ, ರಿಪೇರಿಯವನು ಪದೇ ಪದೇ ಬರುತ್ತಾನೆ. ಅವನು ಗಡಿಯಾರದ ಹೊಟ್ಟೆಗೆ ಕಿವಿಯಿಟ್ಟು ವೈದ್ಯನ ಗತ್ತಿನಲ್ಲಿ ಹಾಡುತ್ತಾನೆ; ಅವಳು ಏನೂ ಅರಿಯದವಳಂತೆ ಕುರ್ಚಿಯ ಧೂಳು ಒರೆಸುತ್ತ ಉತ್ತರ ಕೊಡುತ್ತಾಳೆ. ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸುತ್ತಾಳೆ. ಇಬ್ಬರೂ ಮಹಾ ಗಂಭೀರ. ನಗಿಸಬೇಕೆಂಬ ಹಪಾಹಪಿ ಒಂದು ಚೂರೂ ಇಲ್ಲ, ಅದಕ್ಕೇ ಹೊಟ್ಟೆ ಹಿಡಿದು ನಗುವಂತಾಗುತ್ತದೆ. ಕೊನೆಗೆ ಅವನು ಕೇಳುತ್ತಾನೆ, "ಇದು ತಾನಾಗಿ ನಿಂತಿತೆ?" ವಾದ್ಯಗಳೆಲ್ಲ ಸುಮ್ಮನಾಗುತ್ತವೆ. ಅವಳು ಬಾಯಿ ತೆರೆದವಳು ಹಾಗೇ ನಿಲ್ಲುತ್ತಾಳೆ. ಆ ಮೌನ ಎಷ್ಟು ಉದ್ದವೆಂದರೆ, ಹೇಳಿಬಿಡಲೋ ಬೇಡವೋ ಎಂಬ ಒದ್ದಾಟವೆಲ್ಲ ಅವಳ ಕಣ್ಣಲ್ಲಿ ಕಾಣುತ್ತದೆ. ಸಭೆ ಮುಸಿಮುಸಿ ನಗುತ್ತದೆ. ಆಮೇಲೆ ಅವಳು ಮೆಲ್ಲಗೆ ಹಾಡುತ್ತಾಳೆ: "ನಾನೇ ನಿಲ್ಲಿಸಿದೆ." ಸಭೆ ಬಿದ್ದು ಬಿದ್ದು ನಗುತ್ತದೆ.

ಆ ಮೌನವನ್ನು ತಿಳಿದವರು ಅಭಿನಯದ ತುತ್ತತುದಿ ಎಂದರು. ಗಾಯಕಿ ಸಾಲು ಮರೆತಿದ್ದಳು ಎಂಬುದು ನಮ್ಮ ಮನೆಯವರಿಗೆ ಗೊತ್ತು. ಕಿವಿಗೊಟ್ಟು ಕೇಳಿದರೆ ಆ ಮೌನದ ಕೊನೆಯಲ್ಲಿ "ನಾನೇ" ಎಂಬ ಒಂದು ಪಿಸುದನಿ ಕೇಳಿಸುತ್ತದೆ, ಅದರ ಬೆನ್ನಿಗೇ ಟಕ್ ಎಂಬ ಸಣ್ಣ ಸದ್ದು. ಟಿವಿಯಲ್ಲಿ ಆ ಹಾಡು ಬಂದಾಗಲೆಲ್ಲ ನಮ್ಮಪ್ಪ ಸೌಂಡು ಜಾಸ್ತಿ ಮಾಡಿ, "ಅಗೋ, ನನ್ನ ತಂಗಿ" ಎನ್ನುತ್ತಿದ್ದರು. ಟಕ್ ಎಂದದ್ದು ಹಲಗೆ ಬಿರಿದ ಸದ್ದು ಎಂದು ಅವರೇ ತೀರ್ಮಾನಿಸಿದ್ದರು. ನಾವು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದೆವು. ಅತ್ತೆ ಮಾತ್ರ ಮುಖ ಗಂಟು ಹಾಕಿ ಕೂತಿರುತ್ತಿದ್ದಳು. ಲೋಕವೆಲ್ಲ ನಗುವ ಆ ಹಾಡಿಗೆ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಬಿಗುಮಾನ ಎಂದುಕೊಂಡು ನನಗೆ ಸಿಟ್ಟು ಬರುತ್ತಿತ್ತು.

ಅಪ್ಪ ಹೋದ ಮೇಲೆ ಅತ್ತೆ ನನ್ನ ಜೊತೆಗಿದ್ದಾಳೆ. ನಾನು ಪರದೆ ಬಟ್ಟೆ ಮಾರುವವಳು. ನಮ್ಮ ವಂಶಕ್ಕೂ ಪರದೆಗೂ ಅದೇನು ನಂಟೋ. ಹೋದ ತಿಂಗಳು ಟಿವಿ ಕಚೇರಿಯಿಂದ ಧ್ವನಿ ವಿಭಾಗದ ಹೆಂಗಸೊಬ್ಬಳು ಅತ್ತೆಗೆ ಫೋನು ಮಾಡಿದಳು; ಸ್ಪೀಕರಿನಲ್ಲಿ ನನಗೂ ಕೇಳುತ್ತಿತ್ತು. ಹಳೆಯ ರೆಕಾರ್ಡಿಂಗನ್ನು ಶುಚಿಗೊಳಿಸಿ ಭಾನುವಾರ ಮಧ್ಯಾಹ್ನ ಹಾಕುತ್ತಾರಂತೆ.

"ಒಂದು ವಿಷ್ಯ ಅಮ್ಮ, ನೀವು ಪ್ರಾಂಪ್ಟ್ ಮಾಡಿದ್ದು ಕೇಳ್ತಿತ್ತಲ್ಲ, ಅದನ್ನ ತೆಗೆದಿದೀವಿ. ಆ ಟಕ್ ಸದ್ದನ್ನೂ. ಬೇಜಾರಿಲ್ಲ ತಾನೆ?"

ಅತ್ತೆಯ ಮುಖ ಸುಣ್ಣ ಬಳಿದಂತಾಯಿತು. "ತೆಗೀಬೇಡಿ. ತೆಗೆದ್ರೆ ಅವಳು ಹೇಗೆ ಹಾಡ್ತಾಳೆ?" ಎಂದಳು. ಆ ಕಡೆಯವಳು ನಕ್ಕು, ಕೆಲಸ ಆಗಿಹೋಗಿದೆ ಎಂದು ಫೋನಿಟ್ಟಳು.

ನಾನು ಗದರಿದೆ. "ಹಾಡಿ ಎಷ್ಟು ಕಾಲ ಆಯ್ತು ಅತ್ತೆ. ಆ ಗಾಯಕಿ ಸತ್ತೂ ಆಯ್ತು. ನಿನ್ನ ಪಿಸುಮಾತು ಇಲ್ಲ ಅಂದ್ರೆ ಹಾಡು ನಿಲ್ಲುತ್ತಾ?"

"ಅದು ನಂದಲ್ಲ ಕಣೇ," ಎಂದಳು ಅತ್ತೆ.

ಆಮೇಲೆ ನಿಧಾನಕ್ಕೆ ಹೇಳಿದಳು. ಅಂದು ಕ್ಯಾಮೆರಾದವರು ತಮ್ಮ ಅನುಕೂಲಕ್ಕೆಂದು ಗೂಡಿನ ಪಕ್ಕದಲ್ಲೇ ಒಂದು ಪುಟ್ಟ ಟಿವಿ ಇಟ್ಟಿದ್ದರು. ಅಲ್ಲಿಯವರೆಗೆ ಬೂಟು ನೋಡಿಕೊಂಡಿದ್ದವಳಿಗೆ ಮೊದಲ ಸಲ ಹಾಡುವವರ ಮುಖ ಕಂಡಿತು. ಆ ಹೆಂಗಸು ಕುರ್ಚಿ ಒರೆಸುವ ಚೆಂದ, ಗಡಿಯಾರದವನ ಹುಬ್ಬು! ಅತ್ತೆ ಪುಸ್ತಕ ಬಿಟ್ಟು ಅದನ್ನೇ ನೋಡಿದಳು. ನಕ್ಕಳು. ಬೆರಳು ಸಾಲಿನಿಂದ ಜಾರಿತು. ಮೇಲೆ ಮೌನವಾದಾಗ, ಎಷ್ಟು ಚೆನ್ನಾಗಿ ನಿಂತಿದ್ದಾಳೆ ಎಂದು ಮೆಚ್ಚುತ್ತ ಕೂತಿದ್ದಳಂತೆ, ಎಲ್ಲರ ಹಾಗೆ.

"ಆಗ ನನ್ನ ಕಿವಿ ಪಕ್ಕದಲ್ಲೇ 'ನಾನೇ' ಅಂತ ಕೇಳಿಸ್ತು. ಕತ್ತಿನ ಮೇಲೆ ಉಸಿರೂ ತಾಗ್ತು. ಆಮೇಲೆ ಹಲಗೆಗೆ ಒಂದು ಸಲ ಟಕ್ ಅಂತು. ಒಂದೇ ಸಲ."

ತಪ್ಪಿದರೆ ಒಂದು ಸಲ, ಮೇಷ್ಟ್ರ ಲೆಕ್ಕ. ಪಿಸುಮಾತಿಗೆ ಗಂಡು ಹೆಣ್ಣೆಂಬುದಿಲ್ಲ, ಯಾರದೆಂದರೆ ಅವರದು. ಟಿವಿಯಲ್ಲಿ ಕೇಳಿಸದೇ ಹೋಗಿದ್ದರೆ ಭ್ರಮೆ ಎಂದುಕೊಂಡು ಬದುಕಬಹುದಿತ್ತು. ಆದರೆ ಅದು ಎಲ್ಲರಿಗೂ ಕೇಳಿಸುತ್ತಿತ್ತು, ಮನೆಯವರೆಲ್ಲ ಅತ್ತೆಯನ್ನೇ ಹೊಗಳುತ್ತಿದ್ದರು. ಹೊಗಳಿಕೆಯ ಬೆನ್ನಿಗೇ ಆ ಒಂದು ಟಕ್.

"ಈಗ ಅದನ್ನ ಅಳಿಸಿದಾರೆ. ಅವಳು ಬಾಯಿ ತೆರ್ಕೊಂಡು ನಿಂತೇ ಇರ್ತಾಳೆ. ನಾನು ಕೊಡಲಿಲ್ಲವಲ್ಲ," ಎಂದಳು ಅತ್ತೆ.



ಭಾನುವಾರ ಅವಳು ಸೋಫಾ ಬೇಡವೆಂದು ಅಡುಗೆಮನೆಯ ಮರದ ಸ್ಟೂಲು ಎಳೆದುಕೊಂಡು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತಳು. ಹೊರಗೆ ಒಳ್ಳೆಯ ಬಿಸಿಲು, ಎದುರು ಮನೆಯವರು ಕಾರು ತೊಳೆಯುತ್ತಿದ್ದರು. ಹಾಡು ಶುರುವಾಯಿತು. ಶುಚಿಗೊಳಿಸಿದ್ದು ಸುಳ್ಳಲ್ಲ, ಕುರ್ಚಿಯ ಮೇಲೆ ಬಟ್ಟೆ ಸರಿಯುವ ಸದ್ದು ಕೂಡ ಕೇಳುತ್ತಿತ್ತು. ಗಡಿಯಾರದವನು ಕೇಳಿದ, "ಇದು ತಾನಾಗಿ ನಿಂತಿತೆ?"

ಮೌನ. ಅವಳು ಬಾಯಿ ತೆರೆದು ನಿಂತಳು. ಸಭೆ ಮುಸಿಮುಸಿ ನಕ್ಕಿತು, ನಗು ಅಡಗಿತು. ಅವಳು ನಿಂತೇ ಇದ್ದಳು. ಪಿಸುದನಿ ಬರುವ ಜಾಗ ನನಗೆ ಬಾಯಿಪಾಠ. ಆ ಜಾಗ ದಾಟಿಹೋಯಿತು. ಗಡಿಯಾರದವನ ಹುಬ್ಬು ಇಳಿಯಿತು. ಹಿಂದೆಂದೂ ಅದು ಇಳಿದದ್ದನ್ನು ನಾನು ಕಂಡಿರಲಿಲ್ಲ. ಗಾಯಕಿಯ ಕಣ್ಣು ಮೆಲ್ಲಗೆ ಕೆಳಗೆ ಹೊರಳಿತು, ವೇದಿಕೆಯ ನೆಲದತ್ತ, ಅತ್ತೆ ಕೂತಿದ್ದ ಕಡೆಗೆ. ಆ ಕಣ್ಣಲ್ಲಿ ನಟನೆ ಇರಲಿಲ್ಲ. ಸಹಾಯ ಕೇಳುವ ಕಣ್ಣು ಅದು. ನನಗೆ ಎದ್ದು ಓಡಬೇಕೆನಿಸಿತು.

ಅತ್ತೆ ಕತ್ತು ಮುಂದೆ ಚಾಚಿದಳು. ಮಡಿಲಲ್ಲಿದ್ದ ಅವಳ ತೋರುಬೆರಳು ಕಾಣದ ಸಾಲೊಂದರ ಮೇಲೆ ನಿಂತಿತು.

"ನಾನೇ," ಎಂದು ಪಿಸುಗುಟ್ಟಿದಳು.

ಗಾಯಕಿ ಕಣ್ಣೆತ್ತಿ ಹಾಡಿದಳು: "ನಾನೇ ನಿಲ್ಲಿಸಿದೆ." ಸಭೆ ಬಿದ್ದು ಬಿದ್ದು ನಕ್ಕಿತು.

ಆ ನಗುವಿನ ನಡುವೆ ಸದ್ದು ಬಂತು. ಟಿವಿಯಿಂದಲ್ಲ, ಅತ್ತೆ ಕೂತಿದ್ದ ಸ್ಟೂಲಿನ ಮರದಿಂದ, ಅವಳ ಬೆನ್ನ ಹಿಂದಿನಿಂದ. ಟಕ್. ಅತ್ತೆ ಕಣ್ಣು ಮುಚ್ಚಿ ಕಾಯುತ್ತಿದ್ದಳು, ಎರಡು ಕೈಯೂ ಮಡಿಲಲ್ಲೇ ಇದ್ದವು.

ಟಕ್.

"ಕೇಳಿಸ್ತಾ?" ಎಂದಳು.

"ಹೂಂ," ಎಂದೆ.

ಅತ್ತೆ ತಿರುಗಿ ನೋಡಲಿಲ್ಲ. ಟಿವಿಯಲ್ಲಿ ವಿಧವೆ ಮತ್ತೆ ಕುರ್ಚಿ ಒರೆಸತೊಡಗಿದ್ದಳು. ಅದನ್ನು ನೋಡುತ್ತ ನೋಡುತ್ತ ಅತ್ತೆಯ ಭುಜ ಕುಲುಕಿತು, ಬಾಯಿ ಬಿರಿಯಿತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನು ನಗಲಿಲ್ಲ. ಎರಡು ಕಾಲನ್ನೂ ಸೋಫಾದ ಮೇಲೆ ಎಳೆದುಕೊಂಡು ಹಾಡು ಮುಗಿಯುವವರೆಗೂ ಹಾಗೇ ಕೂತಿದ್ದೆ.