ಕುರಿಗಳಿಗೆ ಕೇಳಿದ ದನಿ

ಕೈಲಾಂಚದ ಹತ್ತಿರ ಕುರಿ ಕಾಯುತ್ತಿದ್ದ ಹಿರಿಯರೊಬ್ಬರ ಬಗ್ಗೆ ನಾನೊಂದು ಪುಟ್ಟ ಸಾಕ್ಷ್ಯಚಿತ್ರ ಮಾಡಿದ್ದೆ. ಅವರು ಮಂದೆ ಮೇಯಿಸುತ್ತಿದ್ದ ಬಯಲಿಗೆ ಫ್ಯಾಕ್ಟರಿಯವರು ಬೇಲಿ ಹಾಕುತ್ತಿದ್ದ ಕಾಲವದು. ಕ್ಯಾಮೆರಾ ಹಿಡಿದವನೂ ನಾನೇ, ರಾಮನಗರದ ಬಾಡಿಗೆ ಕೋಣೆಯಲ್ಲಿ ಎಡಿಟ್ ಮಾಡಿದವನೂ ನಾನೇ. ಯಾವ ಚಿತ್ರೋತ್ಸವವೂ ಅದನ್ನು ತೆಗೆದುಕೊಳ್ಳದಿದ್ದಾಗ ಇಂಟರ್‌ನೆಟ್ಟಿಗೆ ಹಾಕಿದೆ. ಎಲ್ಲೆಲ್ಲಿಯವರೋ ನೋಡಿ ಮೆಚ್ಚಿದರು. ಆ ಹಿರಿಯರಿಗೂ ತೋರಿಸೋಣವೆಂದು ಲ್ಯಾಪ್‌ಟಾಪ್ ಹಿಡಿದು ಹೋದರೆ, ಅವರು ತೀರಿಕೊಂಡು ತಿಂಗಳಾಗಿತ್ತು.

ಅವರ ಹೆಂಡತಿ, "ತಂದಿದ್ದೀಯಲ್ಲ, ಹಾಕಪ್ಪ, ನಾನೇ ನೋಡ್ತೀನಿ," ಎಂದರು.

ಜಗಲಿಯ ಮೇಲಿಟ್ಟು ಹಾಕಿದೆ. ಚಿತ್ರದಲ್ಲಿ ಹಿರಿಯರು ಬಾಯಿಗೆ ಕೈ ಅಡ್ಡ ಹಿಡಿದು ಮಂದೆಯನ್ನು ಕೂಗಿ ಕರೆದರು. ಪಕ್ಕದ ರೊಪ್ಪದಲ್ಲಿ ಮಲಗಿದ್ದ ಕುರಿಗಳೆಲ್ಲ ದಡಬಡನೆ ಎದ್ದು ಅರಚತೊಡಗಿದವು.

"ನಿಲ್ಸಪ್ಪ, ನಿಲ್ಸು! ಬಂದ್ಬುಟ್ರು ಅಂದ್ಕೊತವೆ ಪಾಪ."

ನಾನು ತಟ್ಟನೆ ನಿಲ್ಲಿಸಿದೆ. "ಬೇಡ ಅಂದ್ರೆ ನೆಟ್ಟಿಂದಾನೂ ತೆಗೆದುಬಿಡ್ತೀನಮ್ಮ," ಎಂದೆ.

ಅವರು ರೊಪ್ಪದ ಕಡೆ ನೋಡುತ್ತ, "ಸದ್ದು ಆಚೆಗೆ ಬರ್ದಂಗೆ ಹಾಕಕ್ಕಾಯ್ತದಾ?" ಎಂದು ಕೇಳಿದರು.

ಇಯರ್‌ಫೋನನ್ನು ಅವರ ಕಿವಿಗೆ ಸಿಕ್ಕಿಸಿಕೊಟ್ಟೆ. ಅವರು ಒಳಗೆ ನೆಲದ ಮೇಲೆ ಕೂತು ಕೊನೆಯವರೆಗೂ ಅಲುಗಾಡದೆ ನೋಡಿದರು. ನನ್ನ ಚಿತ್ರವನ್ನು ಯಾರೂ ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿ ನಿಲ್ಲಲಾಗದೆ ಹೊರಗೆ ಹೋಗಿ ಕಾದೆ.

ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು, "ತೆಗೀಬ್ಯಾಡ ಕಣಪ್ಪ," ಎಂದರು. "ಎಲ್ಲಾದ್ರೂ ಒಂದ್ಕಡೆ ಅವ್ರು ಮಾತಾಡ್ಕಂಡಿರ್ಲಿ."

ನಾನು ತೆಗೆಯಲಿಲ್ಲ.