ಪಂಚನಾಮೆಯ ಉಡ

ಗದಗ ಹೊಸ ಜಿಲ್ಲೆಯಾದಾಗ ನಾನೊಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮುಂಡರಗಿ ರಸ್ತೆಯ ಕಲ್ಲುಗುಡ್ಡದಲ್ಲಿ ಮನೆಗಳ ಲೇಔಟ್ ಮಾಡಲು ಅರ್ಜಿ ಬಂದಿತ್ತು. ಅಲ್ಲಿ ಉಡಗಳಿದ್ದವು, ಕೊಂದರೆ ಜೈಲಾಗುವಂಥ ಪ್ರಾಣಿ. ಉಡ ಇದ್ದರೆ ಪರವಾನಗಿ ಇಲ್ಲ.

ಪಂಚನಾಮೆಯನ್ನು ಕಚೇರಿಯಲ್ಲೇ ಬರೆದು, ಪಂಚರ ಹೆಬ್ಬೆಟ್ಟು ಒತ್ತಿಸಿಕೊಂಡು, ಚಹಾ ಕುಡಿದು, ಆಮೇಲೆ ಜಾಗ ನೋಡಲು ಹೋಗುವುದು ನಮ್ಮ ರೂಢಿ. “ಈ ಜಾಗದಲ್ಲಿ ಉಡ ಒಂದೂ ಇಲ್ಲ” ಎಂದು ನಾನೇ ದುಂಡಗೆ ಬರೆದಿದ್ದೆ.

ಸಾಹೇಬರು, ಪಂಚರ ಜೊತೆ ಹೋಗಿ ನೋಡಿದರೆ, ಬಂಡೆಯ ಮೇಲೊಂದು ಉಡ ಬಿಸಿಲಿಗೆ ಮೈಯೊಡ್ಡಿ ಮಲಗಿತ್ತು.

“ಸಾಹೇಬ್ರ, ಬ್ಯಾರೆ ಕಾಗದ ಬರೀಲೇನ್ರಿ?” ಎಂದೆ.

ಸಾಹೇಬರು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದರು. “ಪಂಚರ ಹೆಬ್ಬಟ್ಟು ಬಿದ್ದಾವಲೇ, ಇನ್ನ ಕಾಗದ ತಿದ್ದಾಕ ಬರೂದಿಲ್ಲ. ಜಾಗಾ ತಿದ್ದು.”

ಜಾಗದ ಮಾಲೀಕ ಹಾರೆ ತಂದುಕೊಟ್ಟ. ಉಡ ಬಂಡೆಯ ಸಂದಿಗೆ ನುಗ್ಗಿ ಉಗುರೂರಿ ಕುಳಿತುಬಿಟ್ಟಿತು. ಹೆಬ್ಬೆರಳಿನ ಮಸಿ ಇನ್ನೂ ಆರದ ಪಂಚರೇ ಅದರ ಬಾಲ ಹಿಡಿದು ಜಗ್ಗಿದರು. ನಾನು ಹೊಡೆದೆ. ಒಳಗೆ ಇನ್ನೊಂದಿತ್ತು, ಅದನ್ನೂ ಹೊಡೆದೆ. ಸಂಜೆಯೊಳಗೆ ಒಂದೊಂದು ಸಂದಿಯನ್ನೂ ತಡಕಿ ಇಡೀ ಗುಡ್ಡ ಮುಗಿಸಿದೆವು.

ನಿವೃತ್ತಿಯವರೆಗೂ ಪಂಚನಾಮೆ ಬರೆದೆ. ಅವುಗಳಲ್ಲಿ ಅಕ್ಷರಕ್ಕಕ್ಷರ ಖರೆಯಾದದ್ದು ಅದೊಂದೇ.