ಕೊನೆಯ ಬಸ್ಸು ಹೋದ ಮೇಲೆ

ಬೇಲೂರು, ಹಳೇಬೀಡಿನ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮರುವರ್ಷ, ಅಂದರೆ 2024ರಲ್ಲಿ, ನಾನು ಪ್ರವಾಸೋದ್ಯಮ ಸಂಸ್ಥೆಯೊಂದರಲ್ಲಿ ತರಬೇತಿ ಅಧಿಕಾರಿಯಾಗಿದ್ದೆ. ಸಿಬ್ಬಂದಿಯನ್ನು ಕೂರಿಸಿಕೊಂಡು ಹೊಸದಾಗಿ ಯೋಚಿಸುವುದನ್ನು ರೂಢಿ ಮಾಡಿಸುವ ವರ್ಕ್‌ಶಾಪ್ ನಡೆಸುವುದು ನನ್ನ ಕೆಲಸ. ಯೋಚನೆ ಮಾಡೋದನ್ನ ಕಲಿಸಿ ಸಂಬಳ ತಗೊಳ್ಳೋರು ನೀವೊಬ್ಬರೇ ಎಂದು ನನ್ನ ಹೆಂಡತಿ ಶಾರದಾ ಗೇಲಿ ಮಾಡುತ್ತಿದ್ದಳು. ಆ ವೇಳೆಗೆ ಅವಳು ತೀರಿಕೊಂಡು ಮೂರು ವರ್ಷವಾಗಿತ್ತು.

ಹಳೇಬೀಡಿನಲ್ಲಿ ನಮ್ಮ ಸಂಸ್ಥೆಯದೊಂದು ಸಣ್ಣ ವಸತಿಗೃಹವಿತ್ತು. ಪ್ರವಾಸಿಗರು ಬೆಳಿಗ್ಗೆ ಬಂದು, ಗುಡಿ ಸುತ್ತಿ, ಫೋಟೊ ಹೊಡೆದು, ಊಟದ ಹೊತ್ತಿಗೆಲ್ಲ ಬೇಲೂರಿನ ದಾರಿ ಹಿಡಿಯುತ್ತಿದ್ದರು. ಜನರನ್ನು ಒಂದು ರಾತ್ರಿ ಉಳಿಸಿಕೊಳ್ಳುವ ಉಪಾಯ ಸಿಗದಿದ್ದರೆ ವಸತಿಗೃಹ ಮುಚ್ಚಿ, ಸಿಬ್ಬಂದಿಯನ್ನು ಕಾರವಾರದ ಕಡೆಗೆ ವರ್ಗ ಮಾಡುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಆ ಉಪಾಯ ಹುಡುಕಿಸಲು ನಾನು ಅರಸೀಕೆರೆಯಲ್ಲಿ ರೈಲು ಇಳಿದು ಬಸ್ಸು ಹತ್ತಿದೆ.

ಮೊದಲು ಬ್ರೇನ್‌ಸ್ಟಾರ್ಮಿಂಗ್ ಮಾಡಿಸಿದೆ. ಸರಿ ತಪ್ಪು ನೋಡದೆ, ಹೊಳೆದದ್ದನ್ನೆಲ್ಲ ಹೇಳುವ ಕ್ರಮ ಅದು. ಬಣ್ಣದ ದೀಪ, ದೋಣಿ, ಸೆಲ್ಫಿ ಪಾಯಿಂಟ್ ಎಂದರು. ಎಲ್ಲ ಊರುಗಳಲ್ಲೂ ಇವೇ ಬರುತ್ತವೆ. ನನಗೆ ತಲೆ ಚಿಟ್ಟು ಹಿಡಿಯಿತು. ಪ್ರವಾಸಿಗರನ್ನು ಅತ್ತ ಬಿಡಿ, ಯಾರು ಒಂದು ರಾತ್ರಿ ಉಳಿದರೆ ನಿಮಗೆ ಸಂತೋಷವೋ ಅವರ ಹೆಸರು ಹೇಳಿ ಅಂದೆ.

ರಿಸೆಪ್ಷನ್ ನೋಡಿಕೊಳ್ಳುತ್ತಿದ್ದ ಗಿರಿಜಾ ಮೊದಲು ಬಾಯಿಬಿಟ್ಟಳು.

"ನಮ್ಮಕ್ಕ ಸಾರ್. ಬಾಣಾವರದಲ್ಲವ್ಳೆ. ಬತ್ತಾಳೆ, ಊಟಕ್ ಕುಂತ್ರೂ ಕಣ್ಣು ಬಸ್ಟ್ಯಾಂಡ್ ಕಡೆಗೇ. ಹಸ ಕರೀಬೇಕು, ಡೈರಿಗೆ ಹಾಲು ಹಾಕ್ಬೇಕು. ಮದ್ವೆಯಾದ್ಮೇಲೆ ಒಂದ್ ರಾತ್ರೀನೂ ನನ್ ತಾವ ಉಳ್ದಿಲ್ಲ. ಇನ್ನು ಕಾರವಾರಕ್ಕೆ ಹಾಕಿದ್ರೆ ಮುಖಾನೂ ನೋಡಂಗಿಲ್ಲ."

"ಉಳಿದರೆ ಏನು ಮಾಡ್ತೀಯಮ್ಮ?"

"ಏನ್ ಮಾಡಾದು? ಬಿಸ್ಲು ಇಳಿದ್ಮೇಲೆ ಬಸ್ತಿಹಳ್ಳಿ ಬಸದಿಗಳ ತಾವ ಹೋಗಿ ಬರಾದು. ಹುಲಿಕೆರೆ ಕಲ್ಯಾಣಿ ಮೆಟ್ಲ ಮೇಲೆ ಸುಮ್ನೆ ಕುಂತ್ಕಳಾದು, ಚಿಕ್ಕೋರಿದ್ದಾಗ ಕುಂತ್ಕಂತಿದ್ವಲ್ಲ ಹಂಗೆ. ಬಂದು ಬಿಸಿ ಮುದ್ದೆ, ಅವರೆಕಾಳು ಸಾರು. ಅಷ್ಟೇಯ. ನೀವು ಯಾರ ಹೆಸ್ರು ಹೇಳ್ತೀರಾ ಸಾರ್?"

ಶಾರದಾ ಅಂದೆ. ಅವಳು ಹೋದ ಮೇಲೆ ನನಗೆ ಹಗಲು ಹೇಗೋ ಕಳೆಯುತ್ತಿತ್ತು, ಸಂಜೆಯೇ ಕಷ್ಟ. ಗಿರಿಜಾ ಹೇಳಿದ ಸಂಜೆ ನನಗೇ ಬೇಕೆನಿಸಿತು. ವರದಿಯಲ್ಲಿ ಅದನ್ನೇ, ಒಂದಕ್ಷರ ಬದಲಿಸದೆ, ಕಾರ್ಯಕ್ರಮವಾಗಿ ಬರೆದೆ. ಮೇಲಿನವರು ಮೂಗು ಮುರಿದರೂ ಪರೀಕ್ಷೆಗೆಂದು ಒಪ್ಪಿದರು. ನಿಧಾನಕ್ಕೆ ಜನ ಉಳಿಯತೊಡಗಿದರು. ವರ್ಗಾವಣೆಯ ಮಾತು ತಣ್ಣಗಾಯಿತು. ಸಂಜೆ ಅತಿಥಿಗಳನ್ನು ಕರೆದೊಯ್ಯುವ ಕೆಲಸ ಗಿರಿಜಾಳದೇ ಆಯಿತು.

ನಿವೃತ್ತನಾದ ಮೇಲೆ ನಾನೂ ಅತಿಥಿಯಾಗಿ ಹೋದೆ. ಮಂಡಿನೋವಿಗೆ ಸೋತು ಹಸುಗಳನ್ನು ಮಾರಿದ್ದ ಅಕ್ಕನೂ ಅವತ್ತು ಬಂದಿದ್ದರು. ಆದರೆ ಗಿರಿಜಾಳಿಗೀಗ ಸಂಜೆ ಬಿಡುವಿಲ್ಲ. ಹಾಗಾಗಿ ಅಕ್ಕ ನಮ್ಮ ಗುಂಪಿನಲ್ಲೇ ನಡೆದರು. ಹುಲಿಕೆರೆಯಲ್ಲಿ ಗಿರಿಜಾ ಕೈ ತೋರಿಸುತ್ತಾ, "ಬನ್ನಿ, ನಿಧಾನಕ್ಕೆ ಇಳೀರಿ, ಇಲ್ಲಿ ಕೂತ್ಕೊಳ್ಳಿ" ಎಂದಳು, ಅಕ್ಕನಿಗೂ.

"ನಂಗೂ ಬನ್ನಿ ಅಂತಾಳೆ, ನೋಡಿ ಸಾರ್" ಎಂದು ಅಕ್ಕ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬೇರೆಯವರೆಲ್ಲ ಕುಳಿತ ಮೇಲೆ ಗಿರಿಜಾ ಅಕ್ಕನ ಪಕ್ಕಕ್ಕೆ ಬಂದಳು. ನಾನು ಒಂದು ಮೆಟ್ಟಿಲು ಮೇಲಿದ್ದೆ. ಶಾರದಾ ಇರಬೇಕಿತ್ತು ಅನಿಸಿತು. ಯಾರೋ ಪ್ರವಾಸಿಗನಿಗೆಂದು ಯೋಚಿಸಿದ್ದು ಯಾರಿಗೂ ಹಿಡಿಸುವುದಿಲ್ಲ, ನಮಗೆ ಬೇಕಾದ ಒಬ್ಬರಿಗಾಗಿ ಯೋಚಿಸಿದ್ದು ಗುರುತಿಲ್ಲದವರಿಗೂ ಹಿಡಿಸುತ್ತದೆ. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇದು. ಕಲಿತದ್ದನ್ನು ಹೇಳೋಣವೆಂದರೆ ಗೇಲಿ ಮಾಡುವವಳಿಲ್ಲ.

ದೂರದ ರಸ್ತೆಯಲ್ಲಿ ಹಾರ್ನ್ ಕೇಳಿಸಿತು. ಅಕ್ಕ ಅಭ್ಯಾಸಬಲದಿಂದ ಎದ್ದು ನಿಂತರು.

"ಬಸ್ ಹೋಯ್ತೇನೇ?"

"ಹೋಯ್ತು ಕಣಕ್ಕ. ಅದೇ ಕೊನೇದು."

ಅಕ್ಕ ಸ್ವಲ್ಪ ಹೊತ್ತು ಆ ಕಡೆಗೇ ನೋಡಿದರು. ಆಮೇಲೆ ಮಂಡಿ ಹಿಡಿದುಕೊಂಡು ಮೆಲ್ಲಗೆ ಕುಳಿತರು.

"ಹೋಗ್ಲಿ ಬಿಡು."